ಪಾಲು ಕೇಳಿದ ವಿಧವೆ: ಕೊಯಮತ್ತೂರು ಸೀಮೆಯ ‘ನಾಗಮ್ಮಾಳ್’ ಮತ್ತು ಗಡಿಯ ಎರಡು ಕಾನೂನುಗಳು

ಇವತ್ತು ನಾನು ಮಾತಾಡೋದು ಒಂದು ತಮಿಳು ಕಾದಂಬರಿಯ ಬಗ್ಗೆ. ಆದರೆ ಅದನ್ನು ಸಾಹಿತ್ಯ ವಿಮರ್ಶೆಗೆಂದು ತಂದಿಲ್ಲ, ಆಸ್ತಿಹಕ್ಕಿನ ಚರಿತ್ರೆ ಓದಲು ತಂದಿದ್ದೇನೆ. ಆರ್. ಷಣ್ಮುಗಸುಂದರಂ ಅವರ ‘ನಾಗಮ್ಮಾಳ್’ ಪ್ರಕಟವಾದದ್ದು 1942ರಲ್ಲಿ. ಲೇಖಕರು ಧಾರಾಪುರಂ ತಾಲ್ಲೂಕಿನ ಕೀರನೂರಿನವರು. ಆ ತಾಲ್ಲೂಕು ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಈಗ 2009ರಲ್ಲಿ ರಚನೆಯಾದ ತಿರುಪ್ಪೂರು ಜಿಲ್ಲೆಯಲ್ಲಿದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನಾಗಮ್ಮಾಳ್ ಒಬ್ಬ ವಿಧವೆ, ಅವಳಿಗೊಬ್ಬಳು ಮಗಳು. ಮೈದುನ ಚಿನ್ನಪ್ಪನ್ ಮತ್ತು ಅವನ ಹೆಂಡತಿಯ ಜೊತೆ ಒಂದೇ ಮನೆಯಲ್ಲಿದ್ದಾಳೆ. ಕೆಟ್ಟಿಯಪ್ಪನ್ ಎಂಬ ಪುಂಡನ ಜೊತೆ ಅವಳ ಸ್ನೇಹದ ಬಗ್ಗೆ ಊರು ಆಡಿಕೊಳ್ಳುತ್ತದೆ. ಜಮೀನು ಮಾರುವ ಮಾತು ಎದ್ದಾಗ ಅವಳು ಗಂಡನ ಪಾಲು ಕೇಳುತ್ತಾಳೆ. ಕೊನೆಗೆ ಚಿನ್ನಪ್ಪನ್ ಕೊಲೆಯಾಗುತ್ತಾನೆ.

ಸಾಮಾನ್ಯವಾಗಿ ಇದನ್ನು ಹಟಮಾರಿ ಹೆಣ್ಣೊಬ್ಬಳು ಮನೆ ಮುರಿದ ಕಥೆ ಅಂತ ಓದುತ್ತಾರೆ. ಮೈದುನನಿಗೆ ಅತ್ತಿಗೆ ಮಾಡಿದ ದ್ರೋಹ ಅಂತಲೂ ಹೇಳ್ತಾರೆ. ನನ್ನ ಪ್ರಶ್ನೆ ಬೇರೆ. ಅವಳು ಪಾಲು ಕೇಳಿದಾಗ ಕಾನೂನು ಏನು ಹೇಳುತ್ತಿತ್ತು?

ಮದ್ರಾಸ್ ಪ್ರಾಂತ್ಯದ ಕೋರ್ಟುಗಳು ಒಪ್ಪಿಕೊಂಡಿದ್ದು ಮಿತಾಕ್ಷರ. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೇ ವಿಕ್ರಮಾದಿತ್ಯನ ಕಾಲದವನು. ಗಂಡ ಪಾಲಾಗಿ ಬೇರೆಯಾಗಿದ್ದು ಗಂಡುಮಕ್ಕಳಿಲ್ಲದೆ ಸತ್ತರೆ ವಿಧವೆಗೆ ಆಸ್ತಿ ಎಂದು ಮಿತಾಕ್ಷರ ಒಪ್ಪುತ್ತದೆ. ಆದರೆ ಒಟ್ಟು ಕುಟುಂಬದಲ್ಲಿದ್ದಾಗಲೇ ಸತ್ತರೆ ಅವನ ಅಂಶ ಉಳಿದ ಗಂಡಸರಿಗೆ ಹೋಗುತ್ತದೆ, ಹೆಂಡತಿಗೆ ಸಿಗುವುದು ಬರೀ ಜೀವನಾಂಶ. ಅಂದರೆ ಗಂಡ ಬದುಕಿದ್ದಾಗ ಪಾಲಾಗಿತ್ತೋ ಇಲ್ಲವೋ ಎಂಬುದರ ಮೇಲೆ ವಿಧವೆಯ ಬದುಕು ನಿಂತಿತ್ತು.

1937ರ ಹಿಂದೂ ಮಹಿಳೆಯರ ಆಸ್ತಿಹಕ್ಕು ಕಾಯಿದೆ ಇದನ್ನು ಬದಲಿಸಿತು, ಒಟ್ಟು ಕುಟುಂಬದಲ್ಲಿ ಗಂಡನಿಗಿದ್ದ ಹಿತಾಸಕ್ತಿಯನ್ನು ವಿಧವೆಗೆ ಕೊಟ್ಟಿತು. ಪೂರ್ತಿ ಒಡೆತನವಲ್ಲ, ಸೀಮಿತ ಹಕ್ಕು. ಆದರೂ ಪಾಲು ಕೇಳಬಹುದಿತ್ತು. ಇಲ್ಲೇ ತೊಡಕು ಬಂದದ್ದು. 1941ರಲ್ಲಿ ಫೆಡರಲ್ ಕೋರ್ಟು, ಪ್ರಾಂತ್ಯಗಳ ಕೃಷಿಭೂಮಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ ಎಂದಿತು. ಕೃಷಿಭೂಮಿಯ ಉತ್ತರಾಧಿಕಾರ ಪ್ರಾಂತ್ಯಗಳ ವಿಷಯ, ಕೇಂದ್ರದ್ದಲ್ಲ ಎಂಬುದು ಕಾರಣ. ಮನೆಯಲ್ಲಿ ಪಾಲುಂಟು, ಹೊಲದಲ್ಲಿ ಇಲ್ಲ! ಕಪಿಲೆ ಬಾವಿ ನಂಬಿ ಬದುಕುವ ಹೆಂಗಸಿಗೆ ಮನೆಯ ಅರ್ಧ ಗೋಡೆ ತಗೊಂಡು ಏನು ಪ್ರಯೋಜನ, ಹೇಳಿ? ಮದ್ರಾಸ್ ಸರ್ಕಾರ ಈ ಹಕ್ಕನ್ನು ಕೃಷಿಭೂಮಿಗೂ ವಿಸ್ತರಿಸಿದ್ದು 1947ರಲ್ಲಿ. ಕಾದಂಬರಿ ಬಂದದ್ದು ಈ ಎರಡು ವರ್ಷಗಳ ನಡುವೆ.

ಈಗ ಗಡಿಯ ಈಚೆ ಬನ್ನಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಮಾಡಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ, ಗಂಡುಮಕ್ಕಳಿಲ್ಲದೆ ತೀರಿಹೋದ ಸಹೋದರನ ವಿಧವೆಗೂ ಪಾಲು ಬರಬೇಕು. ಅವಳ ಗಂಡ ಬದುಕಿದ್ದರೆ ಎಷ್ಟು ಬರುತ್ತಿತ್ತೋ ಅದರ ಅರ್ಧ. ಆಸ್ತಿಯೆಲ್ಲ ಉಳಿದ ಒಬ್ಬನೇ ಗಂಡಸಿಗೆ ಸೇರಿದರೂ ಈ ಪಾಲಿಗೆ ಒಳಪಟ್ಟೇ ಸೇರಬೇಕು. ನಾಗಮ್ಮಾಳ್‌ಗೆ ಇದ್ದದ್ದು ಮಗಳು ಮಾತ್ರ. ಇದು ಅವಳ ಸ್ಥಿತಿಯನ್ನೇ ನೋಡಿ ಬರೆದ ಹಾಗಿದೆ.

ನಮ್ಮಲ್ಲಿ ಹಲವರು ಮರೆಯುವ ಒಂದು ಸಂಗತಿಯಿದೆ: 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಪಕ್ಕದ ಯಳಂದೂರು ಮೈಸೂರಿನದು. ಎರಡೂ ಕಡೆ ಅದೇ ಕನ್ನಡ, ಅದೇ ಬೆಳೆ, ಕೊಟ್ಟು ತರುವ ಸಂಬಂಧ. 1942ರಲ್ಲಿ ಯಳಂದೂರಿನ ವಿಧವೆ ಹೊಲದ ಪಾಲಿಗೆ ದಾವೆ ಹೂಡಬಹುದಿತ್ತು, ಕೊಳ್ಳೇಗಾಲದವಳಿಗೆ ಆ ದಾರಿ ಇರಲಿಲ್ಲ. ಮಗಳನ್ನು ಯಾವ ಊರಿಗೆ ಕೊಟ್ಟರು ಎಂಬುದೇ ಅವಳ ಹಕ್ಕನ್ನು ತೀರ್ಮಾನಿಸುತ್ತಿತ್ತು.

ಇಲ್ಲಿ ಒಬ್ಬರು ಕೇಳಬಹುದು: ಹಳ್ಳಿಯ ಹೆಂಗಸಿಗೆ ಕಾಯಿದೆ ಎಲ್ಲಿ ಗೊತ್ತಿತ್ತು? ಸರಿಯಾದ ಪ್ರಶ್ನೆಯೇ. ಕಾಯಿದೆ ಓದಿ ನಾಗಮ್ಮಾಳ್ ಪಾಲು ಕೇಳಲಿಲ್ಲ. ಕಾಲ ಬದಲಾಗಿತ್ತು ಅಷ್ಟೆ. ಹತ್ತಿ ಬೆಳೆ ಹಬ್ಬಿ, ಪೈಕಾರ ವಿದ್ಯುತ್ ಬಂದ ಮೇಲೆ 1930ರ ದಶಕದಲ್ಲಿ ಕೊಯಮತ್ತೂರಿನ ಗಿರಣಿಗಳು ಹೆಚ್ಚಿದ್ದವು. ಅಂಥ ಸೀಮೆಯಲ್ಲಿ ಹೊಲ ಅಂದರೆ ಹಿರಿಯರ ಮಣ್ಣು ಮಾತ್ರವಲ್ಲ, ಮಾರಿ ಹಣ ಮಾಡಿಕೊಳ್ಳುವ ಸ್ವತ್ತೂ ಹೌದು. ಹೊಲ ಇರುವತನಕ ಒಟ್ಟು ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಮಾರಿಬಿಟ್ಟರೆ ವಿಧವೆಗೂ ಮಗಳಿಗೂ ಉಳಿಯುವುದೇನು? ಆ ಭಯವೇ ಅವಳನ್ನು ಪಾಲು ಕೇಳಿಸಿತು ಎಂದು ನನ್ನ ಓದು. ಕೋರ್ಟಿನ ಬಾಗಿಲು ಮುಚ್ಚಿದ್ದಾಗ ಅವಳ ಪರವಾಗಿ ದನಿ ಎತ್ತಲು ಸಿಕ್ಕಿದವನು ಕೆಟ್ಟಿಯಪ್ಪನ್. ಅದು ಪ್ರೀತಿಯೋ ಆಸರೆಯೋ, ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಆದರೆ ದ್ರೋಹದ ಲೆಕ್ಕ ಹಾಕುವಾಗ ಅವಳೊಬ್ಬಳ ಖಾತೆಗೇ ಬರೆಯುವುದು ನ್ಯಾಯವಲ್ಲ.

ಆಮೇಲೆ 1956ರ ಉತ್ತರಾಧಿಕಾರ ಕಾಯಿದೆ ಬಂತು. ಹುಟ್ಟಿನಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ತಿದ್ದುಪಡಿ ತಂದವು. ಹಾಗಿದ್ದರೂ ಅಣ್ಣನ ಮನಸ್ಸು ನೋಯಬಾರದು ಅಂತ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ತಂಗಿಯರನ್ನು ನಾವೆಲ್ಲ ನೋಡಿದ್ದೇವೆ.

ಕೊಳ್ಳೇಗಾಲ, ಯಳಂದೂರು ಕಡೆಯ ವಿದ್ಯಾರ್ಥಿಗಳು ಇಲ್ಲಿದ್ದರೆ ಒಂದು ಕೋರಿಕೆ. ಮನೆಯ ಹಳೇ ಪೆಟ್ಟಿಗೆಯಲ್ಲಿ 1956ಕ್ಕೆ ಹಿಂದಿನ ವಿಭಾಗ ಪತ್ರಗಳಿದ್ದರೆ ತೆಗೆದು ನೋಡಿ. ಅದರಲ್ಲಿ ಹೆಂಗಸರ ಹೆಸರು ಎಲ್ಲಿ ಬರುತ್ತದೆ, ಪಾಲುದಾರಳಾಗಿಯೋ ಜೀವನಾಂಶದವಳಾಗಿಯೋ, ಅದನ್ನು ಗುರುತು ಮಾಡಿಕೊಂಡು ಬನ್ನಿ. ಮುಂದಿನ ಚರ್ಚೆಯನ್ನು ಅಲ್ಲಿಂದ ಶುರು ಮಾಡೋಣ.