ಮೈಸೂರಿನ ಪಾಚಿ, ಮಕ್ಕಳ ಹಸಿವು: ಒಂದು ಇಂಡೋ-ಜರ್ಮನ್ ಪ್ರಯೋಗದ ಪಾಠ

ಜರ್ಮನಿಯ ಯಾವ ಊರಿನ ಔಷಧಿ ಅಂಗಡಿಗೆ ಹೋದರೂ ಕಡುಹಸಿರು ಬಣ್ಣದ ಪುಡಿ, ಮಾತ್ರೆಗಳ ಡಬ್ಬಿಗಳು ಕಣ್ಣಿಗೆ ಬೀಳುತ್ತವೆ. ಅವುಗಳ ಮೇಲೆ 'ಸ್ಪಿರುಲಿನಾ' ಎಂದಿರುತ್ತದೆ. ನಮ್ಮ ಕನ್ನಡಿಗರ ಅಡುಗೆಮನೆಗಳಿಗೂ ಅದು ಬಂದಿದೆ. ಊರಿನ ಅಂಗನವಾಡಿಗೋ ಶಾಲೆಗೋ ನೆರವು ಕಳಿಸುವ ಮಾತು ಬಂದಾಗ "ಈ ಪುಡಿಯನ್ನೇ ಕಳಿಸಬಹುದಲ್ಲ, ಒಂದು ಚಮಚದಲ್ಲಿ ಎಲ್ಲವೂ ಇದೆಯಂತೆ" ಎಂದು ಕೇಳುವವರಿದ್ದಾರೆ. ಒಳ್ಳೆಯ ಮನಸ್ಸಿನ ಪ್ರಶ್ನೆ ಇದು. ಇದೇ ಪ್ರಶ್ನೆಯನ್ನು ಅರ್ಧ ಶತಮಾನದ ಹಿಂದೆ ಮೈಸೂರಿನಲ್ಲಿ, ಜರ್ಮನಿಯ ಸಹಕಾರದೊಂದಿಗೆ, ವಿಜ್ಞಾನಿಗಳು ಕೇಳಿದ್ದರು. ಆ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಸರೋವರದ ಆಹಾರ

ಸ್ಪಿರುಲಿನಾ ಕ್ಷಾರಯುಕ್ತ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ. ನಮಗೆ ಪಾಚಿಯೆಂದರೆ ಕಾಲು ಜಾರಿಸುವ ವಸ್ತು; ಬೇರೆ ಕೆಲವರಿಗೆ ಅದು ಊಟ. 16ನೆಯ ಶತಮಾನದಲ್ಲಿ ಮೆಕ್ಸಿಕೋಗೆ ಬಂದ ಸ್ಪೇನಿನವರು, ಟೆಸ್ಕೋಕೋ ಸರೋವರದಿಂದ ಬಾಚಿ ತೆಗೆದ ಪಾಚಿಯ ಬಿಲ್ಲೆಗಳನ್ನು ಆಜ್ಟೆಕ್ ಜನ ಸಂತೆಯಲ್ಲಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಆಫ್ರಿಕಾದ ಚಾಡ್ ಸರೋವರದ ಬಳಿ ಕಾನೆಂಬು ಮಹಿಳೆಯರು ಇಂದಿಗೂ ಅದನ್ನು ಸಂಗ್ರಹಿಸಿ, ಮರಳಿನ ಮೇಲೆ ಒಣಗಿಸಿ 'ದಿಹೆ' ಎಂಬ ಬಿಲ್ಲೆ ಮಾಡುತ್ತಾರೆ. ಫ್ರೆಂಚ್ ವಿಜ್ಞಾನಿ ದಾಂಜಾರ್ 1940ರಲ್ಲಿ ಇದರ ಬಗ್ಗೆ ಬರೆದರೂ ಯುದ್ಧದ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಬೆಲ್ಜಿಯಂನ ಸಸ್ಯವಿಜ್ಞಾನಿ ಜಾನ್ ಲಿಯೊನಾರ್ 1964-65ರ ಸಹಾರಾ ಯಾತ್ರೆಯಲ್ಲಿ ಇದನ್ನು ಸಂತೆಯಲ್ಲಿ ಕಂಡ ಮೇಲೆಯೇ ಜಗತ್ತು ಕಿವಿಗೊಟ್ಟಿತು.

ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಕಾನೆಂಬು ಜನ ದಿಹೆಯನ್ನು ಬರಿದೇ ತಿನ್ನುವುದಿಲ್ಲ. ಅದನ್ನು ಪುಡಿಮಾಡಿ ಸಾರಿಗೆ ಹಾಕಿ, ಸಿರಿಧಾನ್ಯದ ಮುದ್ದೆಯೊಂದಿಗೆ ಉಣ್ಣುತ್ತಾರೆ. ನಮ್ಮ ಮುದ್ದೆ, ಸೊಪ್ಪಿನ ಸಾರಿನ ಜೋಡಿಯಂತೆಯೇ.

ಪ್ರೋಟೀನ್ ಕೊರತೆಯ ಕಾಲ

ಆ ಹೊತ್ತಿಗೆ ಜಗತ್ತಿನ ಪೋಷಣಾ ವಿಜ್ಞಾನ ಒಂದೇ ಮಾತನ್ನು ಜಪಿಸುತ್ತಿತ್ತು: ಪ್ರೋಟೀನ್. ಡಾ. ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ, ಇಂದಿನ ಘಾನಾದಲ್ಲಿ, ಮೈ ಬಾತುಕೊಂಡು ಸೊರಗುವ ಮಕ್ಕಳ ಕಾಯಿಲೆಯನ್ನು ವಿವರಿಸಿ 'ಕ್ವಾಶಿಯೋರ್ಕರ್' ಎಂಬ ಸ್ಥಳೀಯ ಹೆಸರನ್ನೇ ವೈದ್ಯಶಾಸ್ತ್ರಕ್ಕೆ ಕೊಟ್ಟರು. ಮುಂದಿನ ಮಗು ಹುಟ್ಟಿದಾಗ ಎದೆಹಾಲು ತಪ್ಪಿದ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಭಾವ. ಪ್ರೋಟೀನ್ ಕೊರತೆಯೇ ಇದರ ಕಾರಣವೆಂದು ನಂಬಲಾಯಿತು. 1955ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಆಶ್ರಯದಲ್ಲಿ ಪ್ರೋಟೀನ್ ಸಲಹಾ ಮಂಡಳಿ ಹುಟ್ಟಿತು. ಮೀನಿನ ಪುಡಿ, ಯೀಸ್ಟ್, ಶೇಂಗಾ ಹಿಟ್ಟು ಹೀಗೆ ಎಲ್ಲೆಡೆ ಹೊಸ ಪ್ರೋಟೀನಿನ ಹುಡುಕಾಟ ನಡೆಯಿತು. ಒಣ ತೂಕದಲ್ಲಿ ಸುಮಾರು ಶೇ. 60ರಷ್ಟು ಪ್ರೋಟೀನ್ ಇರುವ ಸ್ಪಿರುಲಿನಾ ವರವೆಂಬಂತೆ ಕಂಡದ್ದು ಸಹಜ.

1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಈ ಹುಡುಕಾಟದ ಮುಂಚೂಣಿಯಲ್ಲಿತ್ತು. ಶೇಂಗಾ ಮತ್ತು ಕಡಲೆ ಹಿಟ್ಟಿನ 'ಬಹೂಪಯೋಗಿ ಆಹಾರ'ವನ್ನು ಅಲ್ಲಿಯೇ ರೂಪಿಸಲಾಗಿತ್ತು.

ಮೈಸೂರಿನ ಕೊಳಗಳು

ಜರ್ಮನಿಗೆ ಪಾಚಿ ಹೊಸದಲ್ಲ. ಯುದ್ಧಾನಂತರ ರೂರ್ ಪ್ರದೇಶದ ಎಸ್ಸೆನ್‌ನಲ್ಲಿ ಕಾರ್ಖಾನೆಗಳ ಅನಿಲವನ್ನು ಬಳಸಿ ಪಾಚಿ ಬೆಳೆಸುವ ಪ್ರಯೋಗಗಳು ನಡೆದಿದ್ದವು. ಬಳಿಕ ಡೋರ್ಟ್‌ಮುಂಡ್ ಅದರ ಕೇಂದ್ರವಾಯಿತು. ಇಲ್ಲಿ ಬಿಸಿಲು ಕಡಿಮೆ. ಬಿಸಿಲಿರುವ ನಾಡುಗಳಲ್ಲಿ ಹಸಿವು ಹೆಚ್ಚು. ಹೀಗೆ ಥಾಯ್ಲೆಂಡ್, ಪೆರು ಮತ್ತು ಭಾರತದೊಂದಿಗೆ ಸಹಕಾರ ಬೆಳೆಯಿತು. 1970ರ ದಶಕದಲ್ಲಿ ಸಿ.ಎಫ್.ಟಿ.ಆರ್.ಐ.ಯಲ್ಲಿ ಇಂಡೋ-ಜರ್ಮನ್ ಪಾಚಿ ಯೋಜನೆ ಶುರುವಾಯಿತು. ಎಲ್.ವಿ. ವೆಂಕಟರಾಮನ್ ಮತ್ತು ಜರ್ಮನಿಯ ಇ.ಡಬ್ಲ್ಯು. ಬೆಕರ್ ಈ ಅನುಭವವನ್ನು 1985ರಲ್ಲಿ ಪುಸ್ತಕವಾಗಿ ತಂದರು.

ಮೊದಲು ಆರಿಸಿಕೊಂಡದ್ದು ಸಿನೆಡೆಸ್ಮಸ್ ಎಂಬ ಹಸಿರು ಪಾಚಿ. ಅದರ ಕಣ ತೀರ ಚಿಕ್ಕದು, ನೀರಿನಿಂದ ಬೇರ್ಪಡಿಸಲು ಯಂತ್ರ ಬೇಕು. ಕೋಶದ ಗೋಡೆ ಗಟ್ಟಿ. ಬಿಸಿ ಉರುಳೆಯ ಮೇಲೆ ಒಣಗಿಸದಿದ್ದರೆ ಹೊಟ್ಟೆಯಲ್ಲಿ ಸರಿಯಾಗಿ ಜೀರ್ಣವಾಗದು. ಸ್ಪಿರುಲಿನಾ ಹಾಗಲ್ಲ. ಸುರುಳಿಯಾದ ಎಳೆಗಳಾಗಿ ಬೆಳೆಯುವುದರಿಂದ ಬಟ್ಟೆಯಲ್ಲೇ ಸೋಸಬಹುದು, ಬಿಸಿಲಿನಲ್ಲೇ ಒಣಗಿಸಬಹುದು. ನೀರಿಗೆ ಸೋಡಾ ಬೆರೆಸಿ ಕ್ಷಾರ ಹೆಚ್ಚಿಸಿದರೆ ಬೇರೆ ಜೀವಿಗಳ ಕಾಟವೂ ಕಡಿಮೆ. ಹಳ್ಳಿಯಲ್ಲೂ ಮಾಡಬಹುದಾದ ಕೆಲಸವೆಂಬ ಭರವಸೆ ಹುಟ್ಟಿದ್ದು ಇದರಿಂದ. ಹೀಗಾಗಿ ಗಮನ ಸ್ಪಿರುಲಿನಾದ ಕಡೆ ತಿರುಗಿತು.

ಪ್ರಶ್ನೆಯೇ ಬದಲಾಯಿತು

ಆದರೆ ಕೊಳಗಳಲ್ಲಿ ಪಾಚಿ ಹಸಿರಾಗುತ್ತಿದ್ದ ಅದೇ ವರ್ಷಗಳಲ್ಲಿ ಅದರ ಹಿಂದಿನ ವಾದ ಕುಸಿಯುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ತಂಡ ಬಡ ಮಕ್ಕಳ ಊಟವನ್ನು ಅಳೆದು ನೋಡಿದಾಗ, ಮೊದಲ ಕೊರತೆ ಪ್ರೋಟೀನಿನದಲ್ಲ, ಒಟ್ಟು ಆಹಾರದ್ದೇ ಎಂದು ಕಂಡಿತು. ಊಟ ಸಾಲದಿದ್ದಾಗ ದೇಹ ಪ್ರೋಟೀನನ್ನೇ ಉರುವಲಾಗಿ ಉರಿಸುತ್ತದೆ. ಸೌದೆ ಇಲ್ಲದ ಮನೆಯಲ್ಲಿ ತೊಲೆಯನ್ನೇ ಒಲೆಗೆ ಹಾಕಿದಂತೆ. ಈ ತಂಡ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 310 ಕ್ಯಾಲೊರಿ ಮತ್ತು ಕೇವಲ 3 ಗ್ರಾಂ ಪ್ರೋಟೀನ್ ಇರುವ ಸಾಮಾನ್ಯ ತಿನಿಸನ್ನು ಹೆಚ್ಚುವರಿಯಾಗಿ ಪಡೆದ ಮಕ್ಕಳು ಚೆನ್ನಾಗಿ ಬೆಳೆದಿದ್ದರು. ಮರುವರ್ಷ ಡೊನಾಲ್ಡ್ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರೋಟೀನಿನ ಬೆನ್ನು ಹತ್ತಿದ್ದೇ ಒಂದು ದೊಡ್ಡ ಎಡವಟ್ಟೆಂದು ಬರೆದರು.

ಈ ಬೆಳಕಿನಲ್ಲಿ ಲೆಕ್ಕ ಹಾಕಿ ನೋಡೋಣ. ಮಗುವಿಗೆ ಸಾಮಾನ್ಯವಾಗಿ ಕೊಡುವುದು ದಿನಕ್ಕೆ 1 ಗ್ರಾಂ ಸ್ಪಿರುಲಿನಾ. ಅದರಲ್ಲಿ ಪ್ರೋಟೀನ್ ಸುಮಾರು 0.6 ಗ್ರಾಂ, ಶಕ್ತಿ ಸುಮಾರು 4 ಕ್ಯಾಲೊರಿ. ಒಂದು ಲೋಟ ಹಾಲಿನಲ್ಲಿ 6 ಗ್ರಾಂಗೂ ಹೆಚ್ಚು ಪ್ರೋಟೀನ್ ಇರುತ್ತದೆ. ಹಸಿದ ಮಗುವಿನ ಹೊಟ್ಟೆ ತುಂಬಿಸುವ ಕೆಲಸ ಆ ಪುಡಿಯಿಂದ ಆಗದು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ಮೈಸೂರು ಜಿಲ್ಲೆಯದೇ ಆದ ತಿ. ನರಸೀಪುರದಲ್ಲಿ. ಮಗುವಿಗೆ ದಿನಕ್ಕೆ 300 ಕ್ಯಾಲೊರಿಯ ಪೂರಕ ಆಹಾರ ಎಂಬುದು ಅದರ ಅಳತೆಯಾಗಿತ್ತು. ಒಂದೇ ಜಿಲ್ಲೆ, ಒಂದೇ ದಶಕ. ಒಂದೆಡೆ ಪ್ರಯೋಗಾಲಯದ ಕೊಳ, ಇನ್ನೊಂದೆಡೆ ಅಂಗನವಾಡಿಯ ಪಾತ್ರೆ. ಕೋಟ್ಯಂತರ ಮಕ್ಕಳನ್ನು ತಲುಪಿದ್ದು ಆ ಪಾತ್ರೆ.

ಪಾಚಿಗೆ ಉಳಿದ ಜಾಗ

ಹಾಗೆಂದು ಪಾಚಿಯ ಶ್ರಮ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಅದಕ್ಕೆ ಬೇರೊಂದು, ಚಿಕ್ಕದಾದ ಆದರೆ ನಿಜವಾದ ಕೆಲಸ ಸಿಕ್ಕಿತು. ಹೊಟ್ಟೆ ತುಂಬಿದರೂ ಕಬ್ಬಿಣ, 'ಎ' ವಿಟಮಿನ್ ಸಾಲದೆ ಬಳಲುವ ಮಕ್ಕಳಿದ್ದಾರೆ. ಸ್ಪಿರುಲಿನಾದಲ್ಲಿ ಕಬ್ಬಿಣವೂ, ದೇಹದಲ್ಲಿ 'ಎ' ವಿಟಮಿನ್ ಆಗಿ ಬದಲಾಗುವ ಬೀಟಾ ಕ್ಯಾರೊಟೀನ್ ಎಂಬ ಅಂಶವೂ ಹೇರಳ. ಚೆನ್ನೈನ ಮುರುಗಪ್ಪ ಚೆಟ್ಟಿಯಾರ್ ಸಂಶೋಧನಾ ಕೇಂದ್ರದ ಸಿ.ವಿ. ಶೇಷಾದ್ರಿ ನೇತೃತ್ವದಲ್ಲಿ, 1990ರ ದಶಕದ ಆರಂಭದ ವೇಳೆಗೆ, ತಮಿಳುನಾಡಿನ ಪುದುಕೋಟ್ಟೈ ಸೀಮೆಯ ಸುಮಾರು 5000 ಮಕ್ಕಳಿಗೆ ದಿನಕ್ಕೆ 1 ಗ್ರಾಂ ಸ್ಪಿರುಲಿನಾ ಕೊಟ್ಟಾಗ, 'ಎ' ವಿಟಮಿನ್ ಕೊರತೆಯ ಗುರುತಾದ ಕಣ್ಣಿನ ಬಿಳಿ ಚುಕ್ಕೆಗಳು ಬಹಳ ಕಡಿಮೆಯಾದವು. ಮೈಸೂರಿನಲ್ಲೇ ರೂಪುಗೊಂಡ ಸ್ಪಿರುಲಿನಾ ಚಿಕ್ಕಿಯ ಜಾಣತನವೂ ಇಲ್ಲಿಯೇ ಇದೆ. ಶೇಂಗಾ, ಬೆಲ್ಲ ಶಕ್ತಿ ಕೊಡುತ್ತವೆ, ಪಾಚಿಯ ವಾಸನೆ ಮರೆಯಾಗುತ್ತದೆ, ಮಗು ತಕರಾರಿಲ್ಲದೆ ತಿನ್ನುತ್ತದೆ.

ಎಚ್ಚರಿಕೆಗಳೂ ಇವೆ. ಸ್ಪಿರುಲಿನಾದಲ್ಲಿರುವ ಬಿ12 ಬಹುಪಾಲು ನಮ್ಮ ದೇಹಕ್ಕೆ ಒದಗದ ರೂಪದ್ದು. ಕೊಳವನ್ನು ಶುದ್ಧವಾಗಿ ಇಡದಿದ್ದರೆ ವಿಷಕಾರಿ ಪಾಚಿಗಳೂ ಭಾರಲೋಹಗಳೂ ಸೇರಿಕೊಳ್ಳಬಹುದು. ಪರೀಕ್ಷೆಯಾಗದ ಪುಡಿಯನ್ನು ಪುಟ್ಟ ಮಕ್ಕಳಿಗೆ ಕೊಡಬಾರದು. ತೀವ್ರ ಅಪೌಷ್ಟಿಕತೆಯ ಮಗುವಿಗೆ ಬೇಕಾದದ್ದು ವೈದ್ಯರ ಆರೈಕೆ.

ಆದ್ದರಿಂದ ಪುಡಿ ಕಳಿಸೋಣವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಮೊದಲು ಆ ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳೋಣ. ಮಕ್ಕಳಿಗೆ ಹೊಟ್ಟೆ ತುಂಬ ಊಟ ಸಿಗುತ್ತಿದೆಯೇ, ಹಾಲು, ಮೊಟ್ಟೆ, ಬೇಳೆ ತಲುಪುತ್ತಿವೆಯೇ, ಹಿತ್ತಿಲಲ್ಲಿ ನುಗ್ಗೆ ಗಿಡ ಇದೆಯೇ? ಅವೆಲ್ಲ ಇದ್ದು ಪಾಚಿಯನ್ನೂ ಸೇರಿಸಿದರೆ ಲಾಭವೇ. ಕಾನೆಂಬು ತಾಯಂದಿರ ಅಡುಗೆಯಲ್ಲಿ ಪಾಚಿ ಇರುವುದು ಸಾರಿನಲ್ಲಿ. ಅದರ ಜೊತೆಗೆ ತಟ್ಟೆಯಲ್ಲಿ ಮುದ್ದೆಯೂ ಇರುತ್ತದೆ.