ತುಂಡು ಗೆರೆ

ಹೋದ ಭಾನುವಾರ ಪಕ್ಕದ ಮನೆಯ ಹುಡುಗ ಬಂದು, "ತಾತ, ನಿಮ್ಮ ಹತ್ತಿರ ಕಲ್ಲೊಡೆಯುವ ಒಳ್ಳೆಯ ಸುತ್ತಿಗೆ ಇದೆಯಂತೆ, ಹದಿನೈದು ದಿನಕ್ಕೆ ಕೊಡ್ತೀರಾ?" ಎಂದು ಕೇಳಿದ. ಅವನು ಭೂವಿಜ್ಞಾನದ ವಿದ್ಯಾರ್ಥಿ. ಬಿ.ಎಸ್‌ಸಿ. ಮುಗಿಯುತ್ತ ಬಂದಿದೆ. ಚಿತ್ರದುರ್ಗದ ಕಡೆಗೆ ಕ್ಷೇತ್ರ ಶಿಬಿರಕ್ಕೆ ಹೊರಟಿದ್ದಾನೆ. ಅದಾದ ಮೇಲೆ ಎಂ.ಎಸ್‌ಸಿ. ಸೇರುವುದೋ, ಸಂಬಳದ ಬೇರೆ ದಾರಿ ಹಿಡಿಯುವುದೋ ಎಂದು ಇನ್ನೂ ತೂಗುತ್ತಿದ್ದಾನೆ. ಸುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಇನ್ನೊಂದು ಪ್ರಶ್ನೆ ಹಾಕಿದ: "ಉಪಗ್ರಹದ ಚಿತ್ರ ಇದೆ, ಫೋನಿನಲ್ಲಿ ನಕ್ಷೆ ಇದೆ. ಬಿಸಿಲಿನಲ್ಲಿ ಅಲೆದು ಹೊಸದಾಗಿ ಕಾಣಬೇಕಾದ್ದೇನು, ತಾತ?"

ಪ್ರಶ್ನೆ ತುಂಟತನದ್ದಲ್ಲ. ನಮ್ಮ ವಿಜಯನಗರದಲ್ಲಿ ಹುಟ್ಟಿ ಬೆಳೆದವನಿಗೆ ಕಲ್ಲು ಕಾಣುವುದಾದರೂ ಎಲ್ಲಿ? ಹೊಸಹಳ್ಳಿ, ಅತ್ತಿಗುಪ್ಪೆಗಳ ಹೊಲಗಳೆಲ್ಲ ಬಡಾವಣೆಗಳಾದವು. 2015ರಲ್ಲಿ ಅವುಗಳ ನೆತ್ತಿಯ ಮೇಲೆ ಮೆಟ್ರೋ ಓಡಿತು. ಇಲ್ಲಿ ನಾನು ಮನೆ ಕಟ್ಟಿಸುವಾಗ ಪಾಯ ತೋಡುವ ಆಳು ಕೆಂಪು ಮಣ್ಣಿನ ಕೆಳಗಿಂದ ಎತ್ತಿ ಹಾಕಿದ, ಕಪ್ಪು ಬಿಳಿ ಪಟ್ಟೆಯ ಒಂದು ತುಂಡು ಈಗಲೂ ತುಳಸಿಕಟ್ಟೆಯ ಪಕ್ಕದಲ್ಲಿದೆ. ಅದು ನೈಸ್ ಶಿಲೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯೂ ಇದೇ ಬಳಗದ್ದು, ಸುಮಾರು 300 ಕೋಟಿ ವರ್ಷ ವಯಸ್ಸಿನದು. ನಾವು ಬಾಡಿಗೆ, ಭೋಗ್ಯ ಎಂದು ಜಗಳವಾಡುವುದು ಇಷ್ಟು ಹಳೆಯ ನೆಲದ ಮೇಲೆ.

ಹುಡುಗನನ್ನು ಕೂರಿಸಿಕೊಂಡು ನನ್ನ ಶಿಬಿರದ ಕಥೆ ಹೇಳಿದೆ. 1971ರ ಡಿಸೆಂಬರ್. ಚಿತ್ರದುರ್ಗದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮ ಬಿಡಾರ. ಬೆಳಗಿನ ಉಪ್ಪಿಟ್ಟು ತಿಂದು, ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ, ಸರ್ವೆ ನಕ್ಷೆಯ ಹಾಳೆ ಹಿಡಿದು ಹೊರಟರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಎರಡು ಬಗೆಯ ಕಲ್ಲುಗಳು ಸಂಧಿಸುವ ಗಡಿಯನ್ನು ಗುರುತಿಸುವುದು ನನ್ನ ಪಾಲಿನ ಕೆಲಸ. ಗುಡ್ಡದ ಮೇಲೆ ಗಡಿ ಸ್ಪಷ್ಟವಾಗಿತ್ತು. ಕೆಳಗೆ ಇಳಿದಾಗ ಅದು ಜೋಳದ ಹೊಲದೊಳಗೆ ಮುಳುಗಿಹೋಯಿತು. ಆಚೆಯ ದಿಬ್ಬದಲ್ಲಿ ಮತ್ತೆ ಕಾಣಿಸಿತು. ನಡುವಿನ ಎರಡು ಫರ್ಲಾಂಗಿಗೆ ನಾನು ಪೆನ್ಸಿಲಿನಿಂದ ನೇರವಾಗಿ ಒಂದು ತುಂಬು ಗೆರೆ ಎಳೆದುಬಿಟ್ಟೆ.

ರಾತ್ರಿ ಕಂದೀಲಿನ ಬೆಳಕಿನಲ್ಲಿ ಮೇಷ್ಟ್ರು ನಕ್ಷೆ ನೋಡಿದರು. "ಇಲ್ಲಿ ಕಲ್ಲು ನೋಡಿದೆಯೇನಯ್ಯ?" ಎಂದರು. "ಇಲ್ಲ ಸಾರ್, ಹಾಗೇ ಇರಬೇಕು" ಎಂದೆ. "ಹಾಗಾದರೆ ಹಾಗೇ ಇರಬೇಕು ಎಂದು ಬರೆ, ಇದೆ ಎಂದು ಬರೆಯಬೇಡ."

ಅವರು ಹೇಳಿದ್ದು ನಮ್ಮ ವಿದ್ಯೆಯ ಮೊದಲ ನಿಯಮ. ಕಣ್ಣಾರೆ ಕಂಡ ಗಡಿಗೆ ತುಂಬು ಗೆರೆ. ಊಹಿಸಿದ ಗಡಿಗೆ ತುಂಡು ತುಂಡು ಗೆರೆ. ಮಾರನೆಯ ದಿನ ಆ ಹೊಲದ ಯಜಮಾನರನ್ನು ಕೇಳಿದೆ. ಅವರು ನಕ್ಕು ನನ್ನನ್ನು ಬಾವಿಯ ಹತ್ತಿರ ಕರೆದೊಯ್ದರು. "ಇಲ್ಲಿ ತೋಡಿದರೆ ಕರಿಕಲ್ಲು ಸ್ವಾಮಿ, ಆ ಬೇವಿನ ಮರದಿಂದ ಆಚೆಗೆ ಬಿಳಿಕಲ್ಲು" ಎಂದರು. ನನ್ನ ಗೆರೆ ಒಂದು ಫರ್ಲಾಂಗು ತಪ್ಪಿತ್ತು. ಅಕ್ಷರ ಬಾರದ ಆ ಹಿರಿಯರ ನಕ್ಷೆ ನನ್ನದಕ್ಕಿಂತ ಸರಿಯಾಗಿತ್ತು. ಏಕೆಂದರೆ ಅವರು ತೋಡಿ ನೋಡಿದ್ದರು.

ಇದು ಹುಡುಗರ ತಪ್ಪು ಮಾತ್ರವಲ್ಲ. ನಮ್ಮ ನಾಡಿನ ಭೂವಿಜ್ಞಾನದ ಚರಿತ್ರೆಯಲ್ಲೇ ಇದರ ದೊಡ್ಡ ನಿದರ್ಶನವಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದದ್ದು 1894ರಲ್ಲಿ. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಚಿನ್ನವನ್ನೂ ಕಬ್ಬಿಣವನ್ನೂ ಒಡಲಲ್ಲಿಟ್ಟುಕೊಂಡ ನಮ್ಮ ಶಿಲಾಪಟ್ಟಿಗಳಿಗೆ 1880ರ ದಶಕದಲ್ಲಿ 'ಧಾರವಾಡ' ಎಂಬ ಹೆಸರಿಟ್ಟು, ಆ ಹೆಸರನ್ನು ಜಗತ್ತಿನ ಗ್ರಂಥಗಳಿಗೆ ಸೇರಿಸಿದವನೂ ಅವನೇ. ಅವು ಹಳೆಯ ನೈಸ್ ನೆಲದ ಮೇಲೆ ಕೂತ ಶಿಲೆಗಳೆಂದು ಅವನ ಅಭಿಪ್ರಾಯ. ಅನಂತರ ಬಂದ ಸ್ಮೀತ್ ಇದನ್ನು ತಲೆಕೆಳಗು ಮಾಡಿದ. 1916ರಲ್ಲಿ ಅವನು ಬರೆದ ಮೈಸೂರಿನ ಭೂಚರಿತ್ರೆಯ ಪ್ರಕಾರ ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ಅವು ಬಹುಮಟ್ಟಿಗೆ ಬೆಂಕಿಯಿಂದ ಹುಟ್ಟಿದವು. ನೈಸ್ ಆಮೇಲೆ ಕೆಳಗಿನಿಂದ ನುಗ್ಗಿ ಬಂದದ್ದು.

ಆದರೆ ಅವುಗಳೊಳಗೆ ಗುಂಡುಗಲ್ಲುಗಳು ಸಿಗುತ್ತಿದ್ದವಲ್ಲ? ಗುಂಡುಗಲ್ಲುಗಳು ಬೆಸೆದುಕೊಂಡ ಇಂಥ ಶಿಲೆಗೆ ಕಾಂಗ್ಲಾಮರೇಟ್ ಎನ್ನುತ್ತಾರೆ. ಹೊಳೆಯಲ್ಲಿ ಉರುಳದೆ ಕಲ್ಲು ಗುಂಡಾಗುವುದುಂಟೆ? ಸ್ಮೀತ್ ಪಂಥದವರ ಉತ್ತರ: ಇವು ಹೊಳೆಯ ಕಲ್ಲುಗಳಲ್ಲ, ಭೂಮಿಯ ಒತ್ತಡಕ್ಕೆ ಇದ್ದಲ್ಲೇ ಜಜ್ಜಿ ಚೂರಾದವು. ಬಹುಕಾಲ ಇದೇ ಅಧಿಕೃತ ಮತವಾಗಿತ್ತು. ಮೇಲಧಿಕಾರಿ ಎಳೆದ ಗೆರೆ ತುಂಬು ಗೆರೆಯೇ ಆಗಿಬಿಡುತ್ತದೆ!

ಅದನ್ನು ಸಡಿಲಿಸಿದವರು ಮತ್ತೆ ಬೆಟ್ಟ ಹತ್ತಿದ ಜನ. ಆಗಿನ ಕಡೂರು ಜಿಲ್ಲೆಯ, ಇಂದಿನ ಚಿಕ್ಕಮಗಳೂರಿನ, ಕಲ್ದುರ್ಗದ ಕಾಂಗ್ಲಾಮರೇಟನ್ನು ಸಿ. ಎಸ್. ಪಿಚ್ಚಮುತ್ತು ಅವರು ಸ್ಥಳದಲ್ಲೇ ಪರೀಕ್ಷಿಸಿ, ಇವು ನೀರು ಹೊತ್ತು ತಂದ ಕಲ್ಲುಗಳೇ ಎಂದು 1935ರಲ್ಲಿ ಬರೆದರು. ಇಲಾಖೆಯ ಒಳಗೇ ಬಿ. ರಾಮರಾಯರು ಹಳೆಯ ಮತವನ್ನು ತಿದ್ದುತ್ತ ಹೋದರು. ಕಲ್ದುರ್ಗದ ಗುಂಡುಗಳಲ್ಲಿ ಗ್ರಾನೈಟಿನವೂ ಇವೆ. ಅಂದರೆ ಧಾರವಾಡದ ಹೊಳೆಗಳು ಹರಿಯುವ ಮುಂಚೆಯೇ ಸವೆಯುವುದಕ್ಕೆ ಒಂದು ಗ್ರಾನೈಟ್ ನಾಡು ಇತ್ತು ಎಂದಾಯಿತು. ಮುಂದೆ ವಿಕಿರಣದ ಅಳತೆಯಿಂದ ಶಿಲೆಗಳ ವಯಸ್ಸು ತಿಳಿಯುವ ಕಾಲ ಬಂತು. ಬಾಬಾಬುಡನ್ ಶಿಲೆಗಳ ಕೆಳಗಿನ ನೈಸ್ 300 ಕೋಟಿ ವರ್ಷಕ್ಕೂ ಹಿಂದಿನದೆಂದು ತೇಲಿತು.

ಹಾಗೆಂದು ಸ್ಮೀತ್‌ನನ್ನು ನಗೆಪಾಟಲು ಮಾಡುವುದು ನ್ಯಾಯವಲ್ಲ. ಅವನು ಧಾರವಾಡದ ಗುಂಪಿಗೇ ಸೇರಿಸಿದ್ದ ಶಿಲೆಗಳಲ್ಲಿ ಕೆಲವು, ಇಂದು ಸರಗೂರು ಶಿಲೆಗಳೆಂದು ಬೇರೆ ಮಾಡಿರುವವು, ತಮ್ಮ ಸುತ್ತಣ ನೈಸಿಗಿಂತ ನಿಜವಾಗಿಯೂ ಹಳೆಯವು. ಒಂದೆಡೆ ಕಂಡದ್ದನ್ನು ನಾಡಿಗೆಲ್ಲ ಹಬ್ಬಿಸಿದ್ದೇ ಅವನ ತಪ್ಪು. ನಾನು ಜೋಳದ ಹೊಲದಲ್ಲಿ ಮಾಡಿದ್ದೂ ಅದನ್ನೇ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದರೆ ಉಪಗ್ರಹದ ಚಿತ್ರ ಸುಳ್ಳೇ?" ಎಂದ. ಸುಳ್ಳಲ್ಲ ಮಗು, ಎಂದೆ. ಅದು ಎಲ್ಲಿ ಹೋಗಿ ನೋಡಬೇಕೆಂದು ಹೇಳುತ್ತದೆ. ನೋಡುವುದು ನಿನ್ನ ಪಾಲಿಗೆ ಉಳಿದಿದೆ. ಆಕಾಶದಿಂದ ಜೋಳದ ಹೊಲ ಕಾಣುತ್ತದೆ, ಬಾವಿಯ ತಳದ ಕಲ್ಲು ಕಾಣುವುದಿಲ್ಲ.

ಎಂ.ಎಸ್‌ಸಿ. ಸೇರು ಎಂದು ನಾನು ಹೇಳಲಿಲ್ಲ. ಅದು ಅವನ ನಕ್ಷೆ, ಗೆರೆಯೂ ಅವನದೇ. ಸುತ್ತಿಗೆಯ ಹಿಡಿಗೆ ಎಣ್ಣೆ ಸವರಿ ಕೊಟ್ಟೆ. ಜೊತೆಗೆ ಒಂದು ಪೆನ್ಸಿಲು, ಒಂದು ರಬ್ಬರು. ಗೇಟಿನ ಹತ್ತಿರ ನಿಂತು ಅವನು ತುಳಸಿಕಟ್ಟೆಯ ಪಕ್ಕದ ಕಲ್ಲನ್ನು ನೋಡಿದ. ಎಷ್ಟೋ ವರ್ಷಗಳಿಂದ ಅದರ ಮೇಲೆ ಕಾಲಿಟ್ಟು ಚೆಂಡು ಹೆಕ್ಕಿದ ಹುಡುಗ. ಅಂದು ಮೊದಲ ಸಲ ಬಗ್ಗಿ, ಕೈಯಿಂದ ಧೂಳು ಒರೆಸಿ, ಪಟ್ಟೆಗಳು ಯಾವ ದಿಕ್ಕಿಗೆ ಓಡುತ್ತವೆ ಎಂದು ನೋಡಿದ.