ದಸ್ತರ್‌ಖಾನಿನ ಮೇಲಿರುವ ನಮ್ಮ ಇತಿಹಾಸ



ಇತಿಹಾಸ ಎಂದೊಡನೆ ನಮಗೆ ಗೋಲ್ ಗುಂಬಜ್, ಕಲಬುರಗಿಯ ಕೋಟೆ, ಬೀದರಿನ ಮದ್ರಸಾ ನೆನಪಾಗುತ್ತವೆ. ಪರೀಕ್ಷೆಗಾಗಿ ಇಸವಿಗಳನ್ನು ಬಾಯಿಪಾಠ ಮಾಡುತ್ತೇವೆ. ಆದರೆ "ನಿಮ್ಮ ಮನೆತನ ಎಲ್ಲಿಯದು?" ಎಂದು ಯಾರಾದರೂ ಕೇಳಿದರೆ ಅಜ್ಜನ ಹೆಸರಿನಿಂದಾಚೆಗೆ ಹೇಳಲು ನಮ್ಮಲ್ಲಿ ಅನೇಕರಿಗೆ ಏನೂ ತೋಚುವುದಿಲ್ಲ. ಕೆಲವರು ಅರಬಸ್ತಾನ, ಇರಾನ್ ಎಂದು ದೂರದ ಹೆಸರು ಹೇಳಿ ಹೆಮ್ಮೆಪಡುತ್ತಾರೆ. ಇನ್ನು ಕೆಲವರು ನಮ್ಮನ್ನು ಹೊರಗಿನವರೆಂದು ಹೇಳಿ ಮಾತು ಮುಗಿಸುತ್ತಾರೆ. ಎರಡು ಮಾತೂ ಪೂರ್ಣ ಸತ್ಯವಲ್ಲ. ಸರಿಯಾದ ಉತ್ತರವನ್ನು ಹುಡುಕಲು ನೀವು ದೂರ ಹೋಗಬೇಕಿಲ್ಲ. ನಿಮ್ಮ ಮನೆಯ ದಸ್ತರ್‌ಖಾನನ್ನೇ ಗಮನವಿಟ್ಟು ನೋಡಿ.

ಎರಡು ದಾರಿಗಳ ಸಂಗಮ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು; ಕಲಬುರಗಿ ಅದರ ರಾಜಧಾನಿಯಾಯಿತು. ದಾಭೋಳ, ಗೋವಾ ಮೊದಲಾದ ಬಂದರುಗಳ ಮೂಲಕ ಅರಬ್ ಮತ್ತು ಇರಾನಿನಿಂದ ಕುದುರೆಗಳು ಬಂದವು; ವ್ಯಾಪಾರಿಗಳು, ವಿದ್ವಾಂಸರು, ಸಿಪಾಯಿಗಳು ಬಂದರು. 1472ರಲ್ಲಿ ಬೀದರಿನ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದವನು. ಅದೇ ಕಾಲಕ್ಕೆ ಇದೇ ನೆಲದ ಒಕ್ಕಲಿಗರು, ನೇಕಾರರು, ಕಸುಬುದಾರರು ಸಹ ಸೂಫಿಗಳ ಸಂಪರ್ಕದಿಂದ ಇಸ್ಲಾಮಿಗೆ ಹತ್ತಿರವಾದರು. ಬಂದವರೂ ಇಲ್ಲಿದ್ದವರೂ ಬೀಗರಾದರು, ನೆರೆಯವರಾದರು. ಈ ಬೆರಕೆಯಲ್ಲಿ ದಖನಿ ಭಾಷೆ ಬೆಳೆಯಿತು. ದಖನಿ ಅಡುಗೆಯೂ ಬೆಳೆಯಿತು.

ಈದ್‌ನ ದಿನದ ಶೀರ್ ಖುರ್ಮಾವನ್ನೇ ತೆಗೆದುಕೊಳ್ಳಿ. ಫಾರಸಿಯಲ್ಲಿ ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ಹೆಸರು ಇರಾನಿನದು, ಖರ್ಜೂರ ಕಡಲಾಚೆಯದು. ಆದರೆ ಅದರಲ್ಲಿನ ಚಾರೋಳಿ ನಮ್ಮ ದೇಶದ ಕಾಡಿನ ಬೀಜ. ಶಾವಿಗೆಯನ್ನೋ, ಬೇಸಿಗೆಯಲ್ಲಿ ನಮ್ಮ ತಾಯಂದಿರು ಓಣಿಯ ಲಿಂಗಾಯತ, ಕುರುಬ ಗೆಳತಿಯರ ಜೊತೆ ಕೂಡಿ ಹೊಸೆದು ಒಣಗಿಸುತ್ತಿದ್ದರು. ಒಂದು ಬಟ್ಟಲಿನಲ್ಲಿ ಎಷ್ಟು ಊರುಗಳು!

ಬಘಾರೆ ಬೈಂಗನ್ ನೋಡಿ. ಬಘಾರ್ ಎಂದರೆ ಒಗ್ಗರಣೆ. ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆಹುಳಿಯ ಮಸಾಲೆಯಲ್ಲಿ ಇಡಿಯ ಬದನೆಕಾಯಿ ಬೇಯಿಸುತ್ತಾರೆ. ಉತ್ತರ ಕರ್ನಾಟಕದ ಎಣ್ಣೆಗಾಯಿಗೂ ಇದಕ್ಕೂ ಅಕ್ಕತಂಗಿಯರ ಹೋಲಿಕೆ. ಎರಡನ್ನೂ ಜೋಳದ ರೊಟ್ಟಿಯೊಂದಿಗೆ ತಿನ್ನುತ್ತೇವೆ. ಅಷ್ಟೇ ಅಲ್ಲ, ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡಗಳ ಬೆಳೆಗಳು. ಮೆಣಸಿನಕಾಯಿ ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರ ಮೂಲಕ. ಅವರು ಗೋವಾವನ್ನು ಹಿಡಿದದ್ದು 1510ರಲ್ಲಿ. ಅಂದರೆ ಖ್ವಾಜಾ ಬಂದೇ ನವಾಜ್‌ರು 1422ರಲ್ಲಿ ಕಲಬುರಗಿಯಲ್ಲಿ ವಫಾತ್ ಆದಾಗ ಇಲ್ಲಿಯ ಯಾವ ಮನೆಯ ಸಾಲನ್‌ನಲ್ಲೂ ಮೆಣಸಿನಕಾಯಿ ಇರಲಿಲ್ಲ! ಇಂದು ಅದಿಲ್ಲದ ಊಟ ನಮಗೆ ಊಟವೇ ಅಲ್ಲ. ಹೊರಗಿನದು ನಮ್ಮದಾಗುವುದು ಹೀಗೆ.

ಬೀಸುವ ಕಲ್ಲಿನ ಪಾಠ

ಬಿಜಾಪುರದ ಸೂಫಿ ಪರಂಪರೆ ದಖನಿಯಲ್ಲಿ ಚಕ್ಕಿನಾಮಾ, ಚರ್ಖಾನಾಮಾ ಎಂಬ ಹಾಡುಗಳನ್ನು ಕೊಟ್ಟಿತು. ಹೆಂಗಸರು ಹಿಟ್ಟು ಬೀಸುತ್ತ, ನೂಲು ತೆಗೆಯುತ್ತ ಇವನ್ನು ಹಾಡುತ್ತಿದ್ದರು. ಚಕ್ಕಿಯ ಹಿಡಿಯನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಾಹನನ್ನು ನೆನೆಯುವ ಹಾಡು ಅವುಗಳಲ್ಲಿದೆ. ಶಾಲೆಯ ಮುಖ ನೋಡದ ಹೆಣ್ಣುಮಕ್ಕಳಿಗೆ ದೀನ್‌ನ ಮೊದಲ ಪಾಠ ಹಿಟ್ಟಿನ ಜೊತೆಯಲ್ಲೇ ಸಿಕ್ಕಿತು. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಹಾಡುಗಳಿಗೆ ದೊಡ್ಡ ಮಹತ್ವ ಕೊಟ್ಟಿದ್ದಾರೆ. ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದ, ನಮ್ಮ ಮನೆಯಲ್ಲಿ ಚಕ್ಕಿನಾಮಾ; ಕಲ್ಲು ಒಂದೇ, ಜೋಳ ಒಂದೇ. ಊರಿಗೆ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡು ಮೌನವಾಯಿತು.

ಉಳಿಸುವವರು ಯಾರು?

ಇನ್ನೊಂದು ಸಂಪತ್ತು ಟ್ರಂಕಿನ ತಳದಲ್ಲಿದೆ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು; ಆಡಳಿತ ಭಾಷೆ ಉರ್ದು ಆಗಿತ್ತು. ಜಮೀನಿನ ಕಾಗದ, ನಿಕಾಹ್‌ನಾಮಾ, ಅಜ್ಜನ ಪತ್ರಗಳು ಉರ್ದುವಿನಲ್ಲಿವೆ. ಉರ್ದು ಓದಲು ಬಾರದ ಮೊಮ್ಮಗನಿಗೆ ಅದು ರದ್ದಿ ಕಾಗದ. ಕನ್ನಡ ಬಾರದವನಿಗೋ, ತನ್ನ ತಾಯಿಯ ಅಡುಗೆಯ ನೆರೆಹೊರೆಯೇ ತಿಳಿಯದು. ಎರಡೂ ಭಾಷೆ ಕಲಿಯಿರಿ ಎಂದು ನಾವು ಶಿಕ್ಷಕರು ಹೇಳುವುದು ಅಂಕಕ್ಕಾಗಿ ಮಾತ್ರವಲ್ಲ.

ಆದ್ದರಿಂದ ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ನಾನಿ, ದಾದಿಯರ ಬಳಿ ಕುಳಿತುಕೊಳ್ಳಿ. ಅವರ ತವರು ಯಾವುದು, ಶಾದಿಯ ಊಟದಲ್ಲಿ ಏನಿತ್ತು, ಬರಗಾಲದಲ್ಲಿ ಏನು ತಿಂದರು, ಯಾವ ಲೋರಿ ಹಾಡಿ ಮಕ್ಕಳನ್ನು ಮಲಗಿಸಿದರು ಎಂದು ಕೇಳಿರಿ. ಅವರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಇದರಲ್ಲೇನಿದೆ ಬೇಟಾ" ಎಂದು ಅವರು ನಕ್ಕರೂ ಬಿಡಬೇಡಿ. ಸುಲ್ತಾನರ ಚರಿತ್ರೆ ಬರೆಯಲು ಆಸ್ಥಾನದ ವಿದ್ವಾಂಸರಿದ್ದರು. ಅಜ್ಜಿಯ ಚರಿತ್ರೆ ಬರೆಯಲು ನೀವಲ್ಲದೆ ಬೇರೆ ಯಾರಿದ್ದಾರೆ?

ವಂಶದ ಹೆಮ್ಮೆಯನ್ನು ಇಸ್ಲಾಮ್ ಮೆಚ್ಚುವುದಿಲ್ಲ. ನಾವು ಮನೆತನವನ್ನು ಅರಿಯಬೇಕಾದದ್ದು ದೊಡ್ಡವರೆನಿಸಿಕೊಳ್ಳಲು ಅಲ್ಲ, ಈ ನೆಲದೊಂದಿಗೆ ನಮಗಿರುವ ನಂಟನ್ನು ತಿಳಿಯಲು. ಹಿರಿಯರು ನಮ್ಮೊಂದಿಗೆ ಇರುವಾಗಲೇ ಅವರ ಮಾತು ಕೇಳಿ ಬರೆದಿಡುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.